ಯಕ್ಷಗಾನದ ವಿಡಿಯೊದಲ್ಲಿ ದಿಗಿಣವನ್ನು ನಿಧಾನ ಮಾಡುವುದು, ಹಿಂದಕ್ಕೆ ಓಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮೊಬೈಲ್‌ನಲ್ಲಿ ತೆಗೆದ ಯಕ್ಷಗಾನದ ವಿಡಿಯೊ ಇದೆ. ಪುಂಡುವೇಷದ (ಚುರುಕಾದ ಎಳೆಯ ವೀರನ ಪಾತ್ರದ) ದಿಗಿಣವನ್ನು, ಅಂದರೆ ಹಾರಿ ಸುತ್ತುವ ಕುಣಿತವನ್ನು, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನಿಧಾನ ಮಾಡಿದರೆ ಚಿತ್ರ ತಡವರಿಸುತ್ತದೆ, ಚೆಂಡೆಯ ಸದ್ದು ಕೆಡುತ್ತದೆ. ರಿವರ್ಸ್ ಕೊಟ್ಟರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ.

ನಾನು ಬದಿಯಡ್ಕದ ಕಡೆಯವನು. ಕಾಸರಗೋಡು, ಕುಂಬಳೆ, ಮಂಜೇಶ್ವರದ ಸುತ್ತಮುತ್ತ ಆಗುವ ಆಟಗಳನ್ನು (ಯಕ್ಷಗಾನ ಪ್ರದರ್ಶನಗಳನ್ನು) ಶೂಟ್ ಮಾಡಿ ಎಡಿಟ್ ಮಾಡುವುದೇ ನನ್ನ ಕೆಲಸ. ಈ ಮೂರು ತೊಂದರೆಗೂ ದಾರಿ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ತಡವರಿಕೆಯ ವಿಷಯ. ಎಷ್ಟು ನಿಧಾನ ಮಾಡಬಹುದು ಅನ್ನುವುದು ಕ್ಯಾಮೆರಾ ಹಿಡಿದಾಗಲೇ ತೀರ್ಮಾನ ಆಗಿರುತ್ತದೆ. ಸಾಫ್ಟ್‌ವೇರ್ ತನ್ನ ಕೈಗೆ ಬಂದ ಫ್ರೇಮ್‌ಗಳನ್ನು, ಅಂದರೆ ವಿಡಿಯೊದ ಬಿಡಿ ಬಿಡಿ ಚಿತ್ರಗಳನ್ನು, ಹಂಚುತ್ತದೆ, ಅಷ್ಟೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊವನ್ನು ಸೆಕೆಂಡಿಗೆ 25 ಫ್ರೇಮ್ ಓಡುವ ಟೈಮ್‌ಲೈನ್‌ನಲ್ಲಿ (ತುಂಡುಗಳನ್ನು ಜೋಡಿಸುವ ಪಟ್ಟಿಯಲ್ಲಿ) 50 ಪರ್ಸೆಂಟ್ ವೇಗಕ್ಕೆ ಇಳಿಸಿದರೆ ಒಂದೊಂದು ಫ್ರೇಮನ್ನೂ ಎರಡೆರಡು ಸಲ ತೋರಿಸಬೇಕಾಗುತ್ತದೆ. ನಿಮಗೆ ಕಾಣುವ ತಡವರಿಕೆ ಅದೇ. 50 ಫ್ರೇಮ್‌ನಲ್ಲಿ ತೆಗೆದಿದ್ದರೆ ಅದೇ 50 ಪರ್ಸೆಂಟ್‌ನಲ್ಲಿ ಪ್ರತಿ ಫ್ರೇಮ್ ಒಂದೇ ಸಲ ಬರುತ್ತದೆ, ಓಟ ನಯವಾಗಿರುತ್ತದೆ. 100 ಫ್ರೇಮ್ ಇದ್ದರೆ 25 ಪರ್ಸೆಂಟ್ ತನಕ ಧೈರ್ಯವಾಗಿ ಇಳಿಸಬಹುದು. ಟೈಮ್‌ಲೈನ್‌ನ ಫ್ರೇಮ್ ರೇಟನ್ನು ಕ್ಲಿಪ್‌ನ ಫ್ರೇಮ್ ರೇಟಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಮ್ಮ ಮಿತಿ ಸಿಗುತ್ತದೆ.

ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 30 ಅಥವಾ 60. ಇಲ್ಲೇ ತುಂಬಾ ಜನ ಎಡವುತ್ತಾರೆ. 60 ಫ್ರೇಮ್‌ನ ಕ್ಲಿಪ್ಪನ್ನು 25ರ ಟೈಮ್‌ಲೈನ್‌ಗೆ ಹಾಕಿ 50 ಪರ್ಸೆಂಟ್ ಕೊಟ್ಟರೆ ಆರು ಫ್ರೇಮ್‌ಗೆ ಒಂದು ಬಿದ್ದುಹೋಗುತ್ತದೆ. ಕಣ್ಣಿಗೆ ಇಂಥದ್ದು ಅಂತ ಗೊತ್ತಾಗುವುದಿಲ್ಲ, ಆದರೆ ಏನೋ ಕುಲುಕಿದ ಹಾಗೆ ಅನಿಸುತ್ತದೆ. 60ರ ಕ್ಲಿಪ್ ಇದ್ದರೆ ಟೈಮ್‌ಲೈನನ್ನೇ 30 ಮಾಡಿ, ಆಗ 50 ಪರ್ಸೆಂಟ್ ಸರಿಯಾಗಿ ಕೂರುತ್ತದೆ. ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಮಾಡಿ ಕ್ಲಿಪ್ ಹಾಕಿದ ಮೇಲೆ ಅದರ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಪ್ರಾಜೆಕ್ಟ್ ಶುರು ಮಾಡುವಾಗಲೇ ಸೆಟ್ಟಿಂಗ್ಸ್ ನೋಡಿಕೊಳ್ಳಿ. ತಡವಾಗಿದ್ದರೆ ಹೊಸ ಟೈಮ್‌ಲೈನ್ ಮಾಡುವಾಗ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಬಳಸುವ ಟಿಕ್ ತೆಗೆದು ಬೇರೆ ರೇಟ್ ಕೊಡಿ.

ಇನ್ನೊಂದು ವಿಷಯ. ಮೊಬೈಲ್ ವಿಡಿಯೊದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದಾಗ ತಾನಾಗಿಯೇ ಇಳಿಯುತ್ತದೆ. ಎರಡು ಗಂಟೆಯ ಆಟದಲ್ಲಿ ಕೊನೆಗೆ ಬರುವಷ್ಟರಲ್ಲಿ ಭಾಗವತರ ಬಾಯಿಯೂ ಪದ್ಯವೂ ಬೇರೆ ಬೇರೆ ಆಗುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಒಮ್ಮೆ ಕನ್ವರ್ಟ್ ಮಾಡಿಕೊಂಡು ಆಮೇಲೆ ಎಡಿಟಿಂಗ್‌ಗೆ ಕೂರಿ.

ಈಗ ರಿಸಾಲ್ವ್‌ಗೆ ಬರೋಣ. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಚೇಂಜ್ ಕ್ಲಿಪ್ ಸ್ಪೀಡ್ ಸಿಗುತ್ತದೆ. ಅಲ್ಲಿ ವೇಗದ ಪರ್ಸೆಂಟ್, ರಿವರ್ಸ್ ಸ್ಪೀಡ್, ಪಿಚ್ ಕರೆಕ್ಷನ್, ರಿಪಲ್ ಎಲ್ಲ ಒಂದೇ ಕಡೆ ಇವೆ. ರಿಪಲ್ ಟಿಕ್ ಹಾಕಿದರೆ ಕ್ಲಿಪ್ ಉದ್ದ ಆದಷ್ಟು ಮುಂದಿನ ಕ್ಲಿಪ್‌ಗಳು ಸರಿದು ಜಾಗ ಕೊಡುತ್ತವೆ. ಹಾಕದಿದ್ದರೆ ಕ್ಲಿಪ್ ಇದ್ದಷ್ಟೇ ಜಾಗದಲ್ಲಿ ಉಳಿದು ಕೊನೆಯ ಭಾಗ ಕತ್ತರಿಸಿ ಹೋಗುತ್ತದೆ. ದಿಗಿಣದ ಕೊನೆಯ ಸುತ್ತು ಮಾಯವಾಯಿತು ಅಂತ ಕೇಳುವವರಿಗೆಲ್ಲ ಆಗಿರುವುದು ಇದೇ. ಪ್ರೀಮಿಯರ್ ಪ್ರೊದಲ್ಲಿ ಕಂಟ್ರೋಲ್ ಆರ್ ಒತ್ತಿದರೆ ಇದೇ ಥರದ ಕಿಟಕಿ ಬರುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್‌ನಲ್ಲೂ ವೇಗ, ರಿವರ್ಸ್ ಎರಡೂ ಇವೆ. ಫೋನಿನಲ್ಲೇ ಮುಗಿಸುವುದಾದರೆ ವಿಎನ್ ಎಂಬ ಆ್ಯಪ್ ಸಾಕು.

ಒಂದು ಕ್ಲಿಪ್‌ನೊಳಗೇ ವೇಗ ಏರಿಸಿ ಇಳಿಸಬೇಕಾದರೆ ರಿಸಾಲ್ವ್‌ನಲ್ಲಿ ಕಂಟ್ರೋಲ್ ಆರ್ ಒತ್ತಿ ರಿಟೈಮ್ ಕಂಟ್ರೋಲ್ಸ್ ತೆರೆಯಿರಿ. ಕಲಾವಿದರ ಕಾಲು ನೆಲ ಬಿಡುವ ಫ್ರೇಮ್‌ನಲ್ಲಿ ಒಂದು ಸ್ಪೀಡ್ ಪಾಯಿಂಟ್, ಮತ್ತೆ ನೆಲ ಮುಟ್ಟುವ ಫ್ರೇಮ್‌ನಲ್ಲಿ ಇನ್ನೊಂದು. ಅವೆರಡರ ನಡುವಿನ ತುಂಡನ್ನು ಮಾತ್ರ 50 ಮಾಡಿ. ವೇಗ ಧಡಕ್ಕನೆ ಬದಲಾದರೆ ಚೆಂದ ಕಾಣುವುದಿಲ್ಲ, ರಿಟೈಮ್ ಕರ್ವ್ ತೆರೆದು ಪಾಯಿಂಟ್‌ಗಳನ್ನು ಬಾಗಿಸಿ ನಯ ಮಾಡಿಕೊಳ್ಳಿ.

ಫ್ರೇಮ್ ಸಾಲದೇ ಹೋದಾಗ ಆಪ್ಟಿಕಲ್ ಫ್ಲೋ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಎರಡು ಫ್ರೇಮ್‌ಗಳ ನಡುವೆ ಪ್ರತಿ ಬಿಂದು ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ಊಹಿಸಿ, ಇಲ್ಲದ ಫ್ರೇಮನ್ನು ಅದು ಹೊಸದಾಗಿ ಕಟ್ಟುತ್ತದೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದೆ, ಇದೇ ಕೆಲಸದ ಇನ್ನೂ ಮೇಲಿನ ಮಟ್ಟದ ಸ್ಪೀಡ್ ವಾರ್ಪ್ ಮಾತ್ರ ದುಡ್ಡು ಕೊಟ್ಟವರಿಗೆ. ಬೇಕಲ ಕೋಟೆಯ ಮೇಲೆ ಕ್ಯಾಮೆರಾ ನಿಧಾನಕ್ಕೆ ತಿರುಗಿಸಿದ ಶಾಟ್ ಇದ್ದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ದಿಗಿಣಕ್ಕೆ ಹಾಕಿ ನೋಡಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕೈ ಎದೆಯ ಮುಂದೆ ಹಾದು ಹೋಗುವಾಗ ಎದೆಯ ಆಭರಣ ಕೈಗೆ ಅಂಟಿಕೊಂಡು ಎಳೆಯುತ್ತದೆ. ಕಾಲುಗಳು ಒಂದರ ಹಿಂದೆ ಒಂದು ಹೋದಾಗ ಗೆಜ್ಜೆ ಕರಗಿ ಸೇರಿಹೋಗುತ್ತದೆ. ಕಿರೀಟದ ಅಂಚಿನಲ್ಲಿ ಹಿಂದಿನ ಪರದೆ ಅಲೆಯಾಡುತ್ತದೆ. ಒಂದು ವಸ್ತುವಿನ ಹಿಂದೆ ಇನ್ನೊಂದು ಮರೆಯಾದಾಗ ಅದಕ್ಕೆ ಊಹಿಸಲು ಏನೂ ಉಳಿದಿರುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕಲಾವಿದರ ಹೆಜ್ಜೆ ಅದು, ಕಾಲು ಕರಗಿದ ಫ್ರೇಮ್ ಜನರಿಗೆ ತೋರಿಸುವುದು ನನ್ನ ಮಟ್ಟಿಗೆ ಸರಿಯಲ್ಲ. 30 ಫ್ರೇಮ್‌ನ ವಿಡಿಯೊ ಆಗಿದ್ದರೆ ಸುಮ್ನೆ 80 ಪರ್ಸೆಂಟ್ ಆಸುಪಾಸಿಗೆ ನಿಲ್ಲಿಸಿ, ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವ ಫ್ರೇಮ್ ಬ್ಲೆಂಡ್ ಹಾಕಿ ಬಿಟ್ಟುಬಿಡಿ. ಅಲ್ಲಿ ಸ್ವಲ್ಪ ಮಸುಕಾದರೂ ಆಕಾರ ಕೆಡುವುದಿಲ್ಲ.

ಸದ್ದಿನ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಅರ್ಧ ವೇಗಕ್ಕೆ ಇಳಿಸಿದರೆ ಸದ್ದು ಪೂರ್ತಿ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಚೆಂಡೆಯ ಆ ಮೊನಚೆಲ್ಲ ಹೋಗಿ ಬರೀ ಗುಡುಗುಡು ಉಳಿಯುತ್ತದೆ. ಪಿಚ್ ಕರೆಕ್ಷನ್ ಹಾಕಿದರೆ ಶ್ರುತಿ ಉಳಿಯುತ್ತದೆ, ಆದರೆ ಪೆಟ್ಟು ಹರಡಿಹೋಗುತ್ತದೆ. ಒಂದೇ ಪೆಟ್ಟು ಎರಡಾಗಿ ಕೇಳುವುದೂ ಉಂಟು. ಮಾತಿಗೆ ಪಿಚ್ ಕರೆಕ್ಷನ್ ಒಳ್ಳೆಯದು, ಚೆಂಡೆಗೆ ಬೇಡವೇ ಬೇಡ. ಸದ್ದನ್ನು ಮುಟ್ಟಲೇ ಬೇಡಿ ಮಾರಾಯ್ರೇ. ತಾಳ ತನ್ನ ಪಾಡಿಗೆ ನಡೆಯಲಿ, ಚಿತ್ರವನ್ನು ಮಾತ್ರ ಅದರ ಮೇಲೆ ಹಿಗ್ಗಿಸಿ ಕುಗ್ಗಿಸಿ.

ಅದು ಹೇಗೆ ಅಂದರೆ: ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಲಿಂಕ್ ಕ್ಲಿಪ್ಸ್ ಟಿಕ್ ತೆಗೆಯಿರಿ. ಆಡಿಯೊ ಟ್ರ್ಯಾಕಿಗೆ ಬೀಗ ಹಾಕಿ. ಈಗ ಎರಡು ಸೆಕೆಂಡಿನ ಹಾರಾಟವನ್ನು 50 ಪರ್ಸೆಂಟ್ ಮಾಡಿದರೆ ಅದು ನಾಲ್ಕು ಸೆಕೆಂಡ್ ತಿನ್ನುತ್ತದೆ, ಚಿತ್ರ ಸದ್ದಿಗಿಂತ ಎರಡು ಸೆಕೆಂಡ್ ಹಿಂದೆ ಬೀಳುತ್ತದೆ. ಆ ಎರಡು ಸೆಕೆಂಡನ್ನು ಎಲ್ಲಾದರೂ ತೀರಿಸಲೇಬೇಕು. ಕಲಾವಿದರು ನೆಲ ಮುಟ್ಟಿದ ಕೂಡಲೇ ಚೆಂಡೆಯವರನ್ನೋ ಭಾಗವತರನ್ನೋ ಮುಂದೆ ಕೂತ ಮಕ್ಕಳನ್ನೋ ಒಂದು ಗಳಿಗೆ ತೋರಿಸಿ, ಅಲ್ಲಿಂದ ವಾಪಸ್ ಬರುವಾಗ ಎರಡು ಸೆಕೆಂಡ್ ಚಿತ್ರ ಬಿಟ್ಟು ಮುಂದಿನ ಜಾಗಕ್ಕೆ ಬನ್ನಿ. ವಾಪಸ್ ಬರುವ ಫ್ರೇಮ್ ಕಾಲು ನೆಲಕ್ಕೆ ಬಡಿಯುವ ಫ್ರೇಮೇ ಆಗಿರಲಿ, ಅದು ಚೆಂಡೆಯ ಪೆಟ್ಟಿಗೆ ಸರಿಯಾಗಿ ಕೂರಲಿ. ಆಡಿಯೊ ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಪೆಟ್ಟು ಮುಳ್ಳಿನಂತೆ ಎದ್ದು ಕಾಣುತ್ತದೆ, ಅಲ್ಲಿಗೇ ಜೋಡಿಸಿ. ನೋಡುವವರಿಗೆ ತಾಳ ತಪ್ಪಿದ್ದು ಗೊತ್ತಾಗುವುದಿಲ್ಲ, ಏಕೆಂದರೆ ತಾಳ ತಪ್ಪಿಯೇ ಇಲ್ಲ. ಇಲ್ಲಿನ ಪ್ರೇಕ್ಷಕರಲ್ಲಿ ಹೆಜ್ಜೆ ಕಲಿತವರು ಜಾಸ್ತಿ. ಒಂದು ಪೆಟ್ಟು ಆಚೀಚೆ ಆದರೂ ಅವರಿಗೆ ಥಟ್ಟನೆ ತಿಳಿಯುತ್ತದೆ.

ಮುಂದಿನ ಸಲ ಶೂಟ್ ಮಾಡುವಾಗ 120 ಫ್ರೇಮ್‌ಗೆ ಹಾಕಿಬಿಡೋಣ ಅನಿಸಬಹುದು. ರಾತ್ರಿ ಆಟಕ್ಕೆ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಶಟರ್ 1/100 ಇದ್ದರೆ, ಅಂದರೆ ಸೆಕೆಂಡಿನ ನೂರನೇ ಒಂದು ಪಾಲು ಹೊತ್ತು ತೆರೆದಿದ್ದರೆ, ಪ್ರತಿ ಫ್ರೇಮ್‌ಗೂ ಒಂದು ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ, ಮಿಣುಕು ಕಾಣುವುದಿಲ್ಲ. 120 ಫ್ರೇಮ್‌ನಲ್ಲಿ ಶಟರ್ 1/120ಕ್ಕಿಂತ ಹೆಚ್ಚು ಹೊತ್ತು ತೆರೆದಿರಲು ಸಾಧ್ಯವೇ ಇಲ್ಲ. ಹಾಗಾಗಿ ರಂಗಸ್ಥಳವಿಡೀ ಮಿಣುಕತೊಡಗುತ್ತದೆ. 50 ಅಥವಾ 60 ಫ್ರೇಮ್, ಶಟರ್ 1/100, ಇದು ಸುರಕ್ಷಿತ. ಕ್ಯಾಮೆರಾದಲ್ಲಿ 100 ಫ್ರೇಮ್ ಇದ್ದರೆ ಅದೂ ಆಗುತ್ತದೆ. ಹಗಲು ಬೆಳಕಿನಲ್ಲಿ ಎಷ್ಟು ಬೇಕಾದರೂ ಹಾಕಿ.

ರಿವರ್ಸ್ ಕೊಟ್ಟಾಗ ಲ್ಯಾಪ್‌ಟಾಪ್ ನಿಲ್ಲುವುದಕ್ಕೆ ಕಾರಣ ಫೈಲಿನೊಳಗೇ ಇದೆ. ಮೊಬೈಲ್ ಬಳಸುವ ಎಚ್ 264, ಎಚ್ 265 ಎಂಬ ಒತ್ತಿ ಕಿರಿದು ಮಾಡಿದ ಮಾದರಿಯ ವಿಡಿಯೊಗಳಲ್ಲಿ ಪೂರ್ತಿ ಚಿತ್ರ ಆಗಾಗ ಒಂದು ಮಾತ್ರ ಇರುತ್ತದೆ. ನಡುವೆ ಇರುವುದೆಲ್ಲ ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಯಿತು ಅನ್ನುವ ಟಿಪ್ಪಣಿ. ಹಿಂದಕ್ಕೆ ಹೋಗಬೇಕಾದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹಾರಿ, ಅಲ್ಲಿಂದ ಮುಂದಕ್ಕೆ ಎಲ್ಲವನ್ನೂ ಬಿಡಿಸಿ, ಕೊನೆಯದನ್ನು ಮೊದಲು ತೋರಿಸಬೇಕು. ಬೇಕಾದಷ್ಟು ತುಂಡನ್ನು ಮಾತ್ರ ಕತ್ತರಿಸಿ, ರೈಟ್ ಕ್ಲಿಕ್ ಮಾಡಿ ರೆಂಡರ್ ಇನ್ ಪ್ಲೇಸ್ ಕೊಟ್ಟು ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಮಾದರಿ ಆರಿಸಿ. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರ ಚಿತ್ರ, ಫೈಲ್ ದೊಡ್ಡದಾದರೂ ಹಿಂದಕ್ಕೆ ಸಲೀಸಾಗಿ ಓಡುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಕಮಾಂಡ್ ಬರೆದು ನಡೆಸುವ ಸಾಫ್ಟ್‌ವೇರ್ ಬಳಸುವವರಾದರೆ ಎಚ್ಚರ, ಅದರ ರಿವರ್ಸ್ ಫಿಲ್ಟರ್ ಇಡೀ ಕ್ಲಿಪ್ಪನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ. 1920ಕ್ಕೆ 1080ರ ಒಂದು ಫ್ರೇಮ್ ಬಿಡಿಸಿದಾಗ ಸುಮಾರು 3 ಎಂಬಿ. 25 ಫ್ರೇಮ್‌ನ ಒಂದು ನಿಮಿಷದ ವಿಡಿಯೊ ಅಂದರೆ 4.6 ಜಿಬಿ ದಾಟುತ್ತದೆ.

ದಿಗಿಣವನ್ನು ಹಿಂದಕ್ಕೆ ಓಡಿಸಬೇಕೇ ಅನ್ನುವುದನ್ನೂ ಕೇಳಿಕೊಳ್ಳಿ. ಸುತ್ತು ಹಿಂದಕ್ಕೆ ಓಡಿದರೆ ಬರೀ ಎಡ ಬಲ ಆದ ಸುತ್ತಿನ ಹಾಗೆ ಕಾಣುತ್ತದೆ, ಹೆಜ್ಜೆ ಮಾತ್ರ ಸುಳ್ಳಾಗುತ್ತದೆ. ದಿಕ್ಕು ಇರುವ ಕ್ರಿಯೆಗೆ ರಿವರ್ಸ್ ಹಾಕಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎರಚುತ್ತಾರಲ್ವಾ, ಅದನ್ನು 50 ಫ್ರೇಮ್‌ನಲ್ಲಿ ತೆಗೆದು ಅರ್ಧ ವೇಗದಲ್ಲಿ ಹಿಂದಕ್ಕೆ ಓಡಿಸಿ. ಹೊಗೆ ಒಳಗೆ ಸೇದಿಕೊಂಡು, ಬೆಂಕಿ ಕುಗ್ಗಿ, ಪುಡಿ ಕೈಗೆ ಮರಳುತ್ತದೆ. ಮುಂದಕ್ಕೂ ಹಿಂದಕ್ಕೂ ಜೋಡಿಸುವುದಾದರೆ ಸೇರುವ ಜಾಗದಲ್ಲಿ ಒಂದು ಫ್ರೇಮ್ ತೆಗೆಯಿರಿ, ಇಲ್ಲದಿದ್ದರೆ ಅದೇ ಫ್ರೇಮ್ ಎರಡು ಸಲ ಬಂದು ತಡೆಯುತ್ತದೆ. ಹಿನ್ನೆಲೆಯಲ್ಲಿ ಯಾರೂ ನಡೆಯುತ್ತಿರಬಾರದು. ಭೂತಕೋಲದ ದೃಶ್ಯವನ್ನು ಮಾತ್ರ ನಾನು ಹಿಂದಕ್ಕೆ ಓಡಿಸುವುದಿಲ್ಲ. ಅದು ನಂಬಿಕೆಯ ಜಾಗ, ಅಲ್ಲಿ ನಮ್ಮ ಎಫೆಕ್ಟ್ ಬೇಡ.

ರಿವರ್ಸ್‌ಗೆ ನಾನು ಹೇಳುವ ಇನ್ನೊಂದು ಒಳ್ಳೆಯ ಜಾಗ ಚೌಕಿ, ಅಂದರೆ ಕಲಾವಿದರು ವೇಷ ಹಾಕುವ ಜಾಗ. ಬಣ್ಣದ ವೇಷದವರು ಕನ್ನಡಿ ಮುಂದೆ ಕೂತು ಮುಖಕ್ಕೆ ಚುಟ್ಟಿ (ಬಿಳಿ ಚುಕ್ಕಿಗಳ ಸಾಲು) ಇಡುವುದನ್ನು ತೆಗೆಯಿರಿ, ಮೊದಲು ಅನುಮತಿ ಕೇಳಿ. ಎರಡು ಗಂಟೆಯ ಕೆಲಸವನ್ನು ಅರ್ಧ ನಿಮಿಷಕ್ಕೆ ಇಳಿಸಬೇಕಾದರೆ ವೇಗ 240 ಪಟ್ಟು, ಅಂದರೆ 24,000 ಪರ್ಸೆಂಟ್. ಪ್ರೀಮಿಯರ್‌ನಲ್ಲಿ 10,000ದ ಮೇಲೆ ಕೊಡಲು ಬರುವುದಿಲ್ಲ. ಅದರ ಬದಲು ಸ್ಟ್ಯಾಂಡ್ ಮೇಲೆ ಇಟ್ಟು ಹತ್ತು ಸೆಕೆಂಡಿಗೆ ಒಂದು ಫೋಟೊ ತೆಗೆಯಿರಿ. ಎರಡು ಗಂಟೆಗೆ 720 ಫೋಟೊ, 25ರ ಟೈಮ್‌ಲೈನ್‌ನಲ್ಲಿ ಸುಮಾರು 29 ಸೆಕೆಂಡ್. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ರಿವರ್ಸ್ ಕೊಟ್ಟಾಗ ಚುಟ್ಟಿ ಚುಕ್ಕಿ ಚುಕ್ಕಿಯಾಗಿ ಕಳಚಿ, ಬಣ್ಣ ಹೋಗಿ, ಕೊನೆಗೆ ಊರಿನವರಿಗೆಲ್ಲ ಗೊತ್ತಿರುವ ಮುಖ ಹೊರಗೆ ಬರುತ್ತದೆ. ಆಟ ಮುಗಿದ ಮೇಲೆ ಹೆಸರು ತೋರಿಸುವ ಭಾಗಕ್ಕೆ ಇದನ್ನು ಇಟ್ಟರೆ ಕಲಾವಿದರಿಗೂ ಖುಷಿ.

ಈಗ ನಿಮ್ಮಲ್ಲಿರುವ ವಿಡಿಯೊಗೆ: ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್‌ನಲ್ಲಿ ಫ್ರೇಮ್ ರೇಟ್ ನೋಡಿ. 60 ಆಸುಪಾಸು ಇದ್ದರೆ 30ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗ ಕೊಡಿ. 30 ಇದ್ದರೆ ದಿಗಿಣವನ್ನೂ 80ರ ತನಕ ಇಳಿಸಬಹುದು, ಆದರೆ ಅದನ್ನು ಅದರ ವೇಗದಲ್ಲೇ ಬಿಟ್ಟು, ಕೊನೆಯ ಸುತ್ತು ಮುಗಿದು ಕಲಾವಿದರು ನಿಲ್ಲುವ ಜಾಗದಲ್ಲಿ ಮಾತ್ರ 80ಕ್ಕೆ ಇಳಿಸುವುದು ಇನ್ನೂ ಒಳ್ಳೆಯದು. ಅಲ್ಲಿ ಚಲನೆ ಕಡಿಮೆ, ತಡವರಿಕೆ ಕಾಣುವುದಿಲ್ಲ.