ದೇವಕಿಯನ್ನು ಸೆಲ್ಯುಲರ್ ಜೈಲಿನಿಂದ ಬಿಡಿಸಿ

ಮಾನ್ಯರೇ,

ನಿಮ್ಮ ಕಾದಂಬರಿಯ ಮೊದಲ ಐದು ಅಧ್ಯಾಯಗಳನ್ನು ಎರಡು ಸಲ ಓದಿದೆವು. ಹೊನ್ನಾವರದ ಬಾಲವಿಧವೆ ದೇವಕಿ ಬಸಿರಾಗುತ್ತಾಳೆ, ಹೆತ್ತ ಕೂಸು ಬಾವಿಯಲ್ಲಿ ಸಿಗುತ್ತದೆ. 1891ರಲ್ಲಿ ಮಂಗಳೂರಿನ ಕೋರ್ಟು ‘ಹೆರಿಗೆ ಮುಚ್ಚಿಟ್ಟ ತಪ್ಪಿಗೆ’ ಹತ್ತು ವರ್ಷ ಕರಿನೀರಿನ ಶಿಕ್ಷೆ ವಿಧಿಸುತ್ತದೆ. ಮಂಗಳೂರಿನಲ್ಲೇ ರೈಲು ಹತ್ತಿ ಮದ್ರಾಸು, ಅಲ್ಲಿಂದ ಹಡಗು, ಆಮೇಲೆ ಅಂಡಮಾನಿನ ಸೆಲ್ಯುಲರ್ ಜೈಲು, ಗಾಣ.

ಈ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಹಾಗೆಂದು ಎರಡು ಸಾಲಿನಲ್ಲಿ ಹಿಂದಿರುಗಿಸಲೂ ಮನಸ್ಸಾಗಲಿಲ್ಲ. ಎರಡನೇ ಅಧ್ಯಾಯದಲ್ಲಿ ಅತ್ತೆ ಯಾರಿಗೂ ಏನೂ ಹೇಳದೆ ಬಾವಿಹಗ್ಗದ ಒದ್ದೆ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳಲ್ಲ, ಆ ಪುಟ ಬರೆದವರಿಗೆ ಬರವಣಿಗೆ ಬರುತ್ತದೆ.

ಜೈಲಿನಿಂದಲೇ ಶುರು ಮಾಡೋಣ. ಸೆಲ್ಯುಲರ್ ಜೈಲಿನ ಕಟ್ಟಡದ ಕೆಲಸ ಆರಂಭವಾದದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ನಿಮ್ಮ ದೇವಕಿ 1891ರಲ್ಲಿ ಇಳಿಯುವಾಗ ಅಲ್ಲಿ ಒಂದು ಗೋಡೆಯೂ ಇರಲಿಲ್ಲ. ಇದ್ದಿದ್ದರೂ ಅವಳನ್ನು ಅಲ್ಲಿಗೆ ಹಾಕುತ್ತಿರಲಿಲ್ಲ, ಏಕೆಂದರೆ ಅದು ಗಂಡಸರ ಜೈಲು. ಹೆಂಗಸರದು ಬೇರೆ, ಪೋರ್ಟ್ ಬ್ಲೇರಿನ ಸೌತ್ ಪಾಯಿಂಟಿನಲ್ಲಿ. ಅಲ್ಲಿ ಮಲಗುವ ವಾರ್ಡುಗಳು, ಕೆಲಸದ ಶೆಡ್ಡುಗಳು, ಕೈದಿಗಳಲ್ಲೇ ಕೆಲವರನ್ನು ಆರಿಸಿ ಮಾಡಿದ ಮೇಲ್ವಿಚಾರಕಿಯರು. ಕೆಲಸವೆಂದರೆ ನೂಲುವುದು, ನೇಯುವುದು, ಹೊಲಿಯುವುದು. ಗಾಣ ಕಟ್ಟಿದ್ದು ಗಂಡಸರಿಗೆ. ನೀವು ಹನ್ನೊಂದು ಪುಟ ಗಾಣಕ್ಕೆ ಕೊಟ್ಟಿದ್ದೀರಿ. ಅಷ್ಟೂ ಹೋಗಬೇಕು. ಹಡಗಿನಿಂದ ಇಳಿದ ಕೂಡಲೇ ಅವಳ ಹಣೆಗೆ ಹಚ್ಚೆ ಚುಚ್ಚುವ ದೃಶ್ಯವೂ ಹೋಗಬೇಕು. ಕೈದಿಗಳ ಹಣೆಗೆ ಅಪರಾಧ ಬರೆಯುವ ‘ಗೋದ್ನಾ’ 1849ರಲ್ಲೇ ರದ್ದಾಗಿತ್ತು, ಅಂಡಮಾನಿನ ಕೈದಿ ವಸಾಹತು ಶುರುವಾದದ್ದೇ 1858ರಲ್ಲಿ.

ಇನ್ನು ಕಾನೂನು. ಹೆರಿಗೆ ಮುಚ್ಚಿಡಲು ಶವವನ್ನು ಗುಟ್ಟಾಗಿ ವಿಲೇವಾರಿ ಮಾಡಿದ್ದು ಆಗಿನ ಭಾರತೀಯ ದಂಡಸಂಹಿತೆಯ 318ನೇ ಕಲಂ. ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಸೆರೆಯಿತ್ತು, ಅಷ್ಟಕ್ಕೆ ಯಾರನ್ನೂ ಕಡಲು ದಾಟಿಸುತ್ತಿರಲಿಲ್ಲ. ದೇವಕಿಯನ್ನು ಅಂಡಮಾನಿಗೆ ಕಳಿಸುವ ನೇರ ದಾರಿಯೆಂದರೆ ಕೊಲೆಯ ಆರೋಪ, ಅಂದರೆ 302ನೇ ಕಲಂ, ಸಾಬೀತಾಗುವುದು. ಅದರಲ್ಲಿ ಆಗ ಇದ್ದ ಶಿಕ್ಷೆ ಎರಡೇ: ನೇಣು, ಇಲ್ಲವೇ ಜೀವಾವಧಿ ದ್ವೀಪಾಂತರ, ಅಂದರೆ ಕರಿನೀರು. ಹತ್ತು ವರ್ಷ ಎಂಬ ಮಾತೇ ಇಲ್ಲ. 1881ರಲ್ಲಿ ಸೂರತ್ತಿನ ವಿಧವೆ ವಿಜಯಲಕ್ಷ್ಮಿಗೆ ಶಿಶುಹತ್ಯೆಗಾಗಿ ಮೊದಲು ನೇಣು ವಿಧಿಸಿ, ಮೇಲ್ಮನವಿಯಲ್ಲಿ ಅದನ್ನು ದ್ವೀಪಾಂತರಕ್ಕೆ ಇಳಿಸಿ, ಕಡೆಗೆ ಐದು ವರ್ಷ ಮಾಡಿದರು. ಪತ್ರಿಕೆಗಳಲ್ಲಿ ದೊಡ್ಡ ವಾದವೇ ನಡೆಯಿತು. ನಿಮ್ಮ ಕಥೆಯಲ್ಲಿ ನ್ಯಾಯಾಧೀಶ ಅರ್ಧ ಪುಟದಲ್ಲಿ ತೀರ್ಪು ಕೊಟ್ಟು ಎದ್ದುಹೋಗುತ್ತಾನೆ. ಕೂಸು ಜೀವಂತ ಹುಟ್ಟಿತ್ತೇ ಎಂದು ಡಾಕ್ಟರನ್ನು ಕೇಳುವ ಒಂದು ಪ್ರಶ್ನೆ ಇಡಿ. ಅವಳ ಕೊರಳು ನಿಂತಿರುವುದೇ ಆ ಉತ್ತರದ ಮೇಲೆ.

ಊರಿನ ತೊಡಕು ಸಣ್ಣದು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹೊನ್ನಾವರದ ಕೊಲೆಗೆ ಮಂಗಳೂರಿನಲ್ಲಿ ವಿಚಾರಣೆ ನಡೆಯದು. ದೇವಕಿಯ ಮನೆಯನ್ನು ಕುಂದಾಪುರಕ್ಕೆ ತನ್ನಿ, ಅದು ಮದ್ರಾಸು ಪ್ರಾಂತ್ಯದಲ್ಲೇ ಉಳಿದಿತ್ತು. ಆಗ ಅವಳ ಬಾಯಲ್ಲಿ ನಿಮ್ಮ ಪುಸ್ತಕದ ಕನ್ನಡ ಹೋಗಿ ‘ಹ್ವಾಯ್’ ಬರಬೇಕಾಗುತ್ತದೆ, ಅದೂ ಲಾಭವೇ.

ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. 1891ರಲ್ಲಿ ಮದ್ರಾಸಿನ ಗಾಡಿ ಹಿಡಿಯಬೇಕಾದರೆ ಕಲ್ಲಿಕೋಟೆಯವರೆಗೆ ಹೋಗಬೇಕು, ಅಲ್ಲಿಗೆ ಹಳಿ ಬಂದು ಆಗ ಮೂರು ವರ್ಷವಾಗಿತ್ತು. ತೀರ್ಪು ಜೂನ್ ತಿಂಗಳಲ್ಲಿ ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ಮಂಗಳೂರು ಬಂದರಿನ ವ್ಯವಹಾರವೇ ನಿಲ್ಲುತ್ತಿತ್ತು. ಅಂದಮೇಲೆ ಅವಳನ್ನು ಸಮುದ್ರದ ದಾರಿಯಲ್ಲಿ ಸಾಗಿಸಬೇಕೆಂದರೆ ಮಳೆ ಮುಗಿಯುವವರೆಗೆ ಕಾಯಿಸಬೇಕು. ಆ ಮೂರು ತಿಂಗಳು ನಿಮಗೆ ಪುಕ್ಕಟೆ ಸಿಕ್ಕ ಅಧ್ಯಾಯ. ನೀವು ‘ಮರುದಿನವೇ ಹೊರಡಿಸಿದರು’ ಎಂದು ಮುಗಿಸಿಬಿಟ್ಟಿದ್ದೀರಿ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ದೊಡ್ಡ ನಷ್ಟ ಬೇರೆಡೆ ಇದೆ. ಹೊಡೆತ, ಸಂಕೋಲೆ, ಗಾಣ ಇವುಗಳ ಹಿಂದೆ ಬಿದ್ದು ನೀವು ಈ ಕಥೆಯ ಬೇರನ್ನೇ ನೋಡಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಂಡಮಾನಿನ ನಿಯಮ ಹೀಗಿತ್ತು: ಹೆಂಗಸು ಕೈದಿ ಐದು ವರ್ಷ ಕಳೆದ ಮೇಲೆ ಮದುವೆಗೆ ಅರ್ಹಳು. ಗಂಡಸು ಹತ್ತು ವರ್ಷ ದುಡಿದ ಮೇಲೆ ‘ಸೆಲ್ಫ್ ಸಪೋರ್ಟರ್’ ಟಿಕೆಟ್ ಪಡೆದು, ಹಳ್ಳಿಯಲ್ಲಿ ಮನೆ ಹೂಡಿ, ಬೇಸಾಯ ಮಾಡಿ, ದನ ಸಾಕಬಹುದು. ಅಂಥವನು ಸೌತ್ ಪಾಯಿಂಟಿನಿಂದ ಹೆಣ್ಣು ತರಬಹುದು. ಊರಲ್ಲಿ ಇಬ್ಬರಿಗೂ ಗಂಡನೋ ಹೆಂಡತಿಯೋ ಇದ್ದಾರೆಯೇ ಎಂದು ವಿಚಾರಿಸಿ ಅಧಿಕಾರಿಗಳು ಅನುಮತಿ ಕೊಡುತ್ತಿದ್ದರು. ಹೆಂಗಸು ಆ ಜೈಲಿನ ಗೇಟು ದಾಟಲು ದಾರಿ ಎರಡೇ: ಮದುವೆ, ಇಲ್ಲವೇ ಅನುಮತಿ ಪಡೆದ ಮನೆಗೆಲಸ. ಎರಡೂ ಬೇಡವೆಂದರೆ 20 ವರ್ಷ ಒಳಗೇ. ಮದುವೆಯಾದರೆ 15 ವರ್ಷಕ್ಕೆ ಬಿಡುಗಡೆ ಸಿಗಬಹುದು, ಆದರೆ ಗಂಡನ ಅವಧಿಯೂ ಮುಗಿಯಬೇಕು, ಇಬ್ಬರೂ ಜೊತೆಗೇ ಹೊರಡಬೇಕು.

ಈಗ ನಿಮ್ಮ ದೇವಕಿಯನ್ನು ನೋಡಿ. ಕುಂದಾಪುರದ ಮನೆಯಲ್ಲಿ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಕೂರಿಸಿದ ವಿಧವೆ ಅವಳು. ವಿಧವಾ ವಿವಾಹ 1856ರಿಂದಲೇ ಕಾನೂನುಬದ್ಧ, ಅವಳ ಜಗಲಿಯವರೆಗೆ ಆ ಕಾನೂನು ಬರಲಿಲ್ಲ, ಅಷ್ಟೆ. ಎರಡನೇ ಗಂಡಿನ ಮಾತೆತ್ತಲಾಗದೆ ಕೂಸು ಬಾವಿಗೆ ಬಿತ್ತು. ಆ ಅಪರಾಧಕ್ಕೆ ಶಿಕ್ಷೆ ಕೊಟ್ಟ ಸರ್ಕಾರವೇ ಐದು ವರ್ಷ ಕಾಯಿಸಿ, ಕೊಲೆ ಮಾಡಿ ಬಂದ ಯಾವನೋ ಪರದೇಶಿಯನ್ನು ಮುಂದೆ ನಿಲ್ಲಿಸಿ ‘ಆಗುತ್ತೀಯಾ?’ ಎಂದು ಕೇಳುತ್ತದೆ. ಅವನ ಜಾತಿ ಯಾವುದೋ, ಭಾಷೆ ಯಾವುದೋ. ಅಲ್ಲಿ ಎಲ್ಲರನ್ನೂ ಒಟ್ಟಿಗೆ ಹೊಲಿದದ್ದು ಹಿಂದೂಸ್ತಾನಿ ಭಾಷೆ. ಈ ಸಂಗತಿ ನಿಮ್ಮ ಐದು ಅಧ್ಯಾಯಗಳಲ್ಲಿ ಒಂದು ಸಾಲಿನಲ್ಲೂ ಇಲ್ಲ.

ಲೆಕ್ಕ ಹಾಕಿ ನೋಡಿ, ಇಸವಿಗಳು ನಿಮ್ಮ ಕೈಹಿಡಿಯುತ್ತವೆ. ಅವಳು ಬಂದದ್ದು 1891, ಮದುವೆಗೆ ಅರ್ಹಳಾಗುವುದು 1896. ಅದೇ ವರ್ಷ ಸೆಲ್ಯುಲರ್ ಜೈಲಿನ ಪಾಯ ಬೀಳುತ್ತದೆ. ಗಂಡು 1886ರಲ್ಲಿ ಬಂದವನಾದರೆ ಅವನ ಟಿಕೆಟ್ಟೂ 1896ಕ್ಕೆ. ಅವನ ಅವಧಿ 20 ವರ್ಷವೆಂದು ಇಟ್ಟರೆ ಅವಳ 15, ಅವನ 20 ಎರಡೂ 1906ಕ್ಕೆ ಮುಗಿಯುತ್ತವೆ, ಜೈಲು ಕಟ್ಟಿ ಮುಗಿದ ವರ್ಷ. ಗಂಡನನ್ನು ಎರಡು ವರ್ಷ ತಡವಾಗಿ ತಂದಿರೋ, ಅವನು ಟಿಕೆಟ್ ಇಲ್ಲದೆ ಮದುವೆಯಾದಂತಾಗುತ್ತದೆ. ಹಾಗೆಯೇ ಅವನಿಗೆ 25 ವರ್ಷ ಇಟ್ಟರೆ ದೇವಕಿ ತನ್ನದು ಮುಗಿದರೂ ಇನ್ನೈದು ವರ್ಷ ಅವನಿಗಾಗಿ ಕಾಯಬೇಕು. ನಮಗೆ ಈ ಎರಡನೆಯದೇ ಹಿಡಿಸಿತು. ಆಯ್ಕೆ ನಿಮ್ಮದು.

ಬರವಣಿಗೆಯ ಬಗ್ಗೆ ಒಂದೇ ಮಾತು. ‘ಕಣ್ಣೀರ ಕಡಲು’ ಒಂಬತ್ತು ಕಡೆ ಬಂದಿದೆ. ಸುತ್ತ ನಿಜವಾದ ಕಡಲೇ ಇರುವಾಗ ಇದು ಯಾಕೆ? ನಿಮ್ಮ ಸಾಲು: ‘ವರ್ಷಗಳು ಉರುಳಿದವು, ಅವಳ ದುಃಖ ಮಾತ್ರ ಹಾಗೆಯೇ ಉಳಿಯಿತು.’ ಬಾವಿಹಗ್ಗದ ಗಂಟು ಕಂಡ ಕಣ್ಣಿನಿಂದಲೇ ಇಲ್ಲೂ ನೋಡಿ. ಬೋಳಿಸಿದ ತಲೆಯಲ್ಲಿ ಕೂದಲು ತಿಂಗಳಿಗೆ ಅರ್ಧ ಅಂಗುಲದಂತೆ ಬೆಳೆಯುತ್ತದೆ, ಐದು ವರ್ಷಕ್ಕೆ ಎರಡೂವರೆ ಅಡಿ. ಕನ್ನಡಿಯಿಲ್ಲದವಳು ಅದನ್ನು ಬೆನ್ನ ಮೇಲೆ ಎಲ್ಲಿಗೆ ತಾಗುತ್ತದೆ ಎಂದು ಕೈಯಿಂದ ಅಳೆಯುತ್ತಾಳೆ. ಜಡೆ ಹಾಕಲು ಮರೆತುಹೋಗಿರುತ್ತದೆ, ಪಕ್ಕದ ಹಾಸಿಗೆಯ ತೆಲುಗು ಹೆಂಗಸು ಮೂರು ಕಾಲು ಮಾಡಿ ತೋರಿಸಿಕೊಡುತ್ತಾಳೆ. ವರ್ಷಗಳು ಉರುಳಿದ್ದು ಅಷ್ಟರಲ್ಲಿ ಗೊತ್ತಾಗುತ್ತದೆ.

ಮೊದಲೆರಡು ಅಧ್ಯಾಯಗಳಲ್ಲಿ ಊರು, ಕೋರ್ಟು ಸರಿಮಾಡಿ, ಉಳಿದ ಮೂರನ್ನು ಪಕ್ಕಕ್ಕಿಡಿ. ಸೌತ್ ಪಾಯಿಂಟಿನ ಐದನೇ ವರ್ಷದಿಂದ, ಅವನು ನೋಡಲು ಬರುವ ಬೆಳಿಗ್ಗೆಯಿಂದ ಹೊಸದಾಗಿ ಬರೆಯಿರಿ. ಪೂರ್ತಿ ಮುಗಿಯುವವರೆಗೆ ಕಾಯಬೇಕಿಲ್ಲ, ಆ ಒಂದು ಅಧ್ಯಾಯವನ್ನೇ ಕಳಿಸಿ, ಓದುತ್ತೇವೆ.