ಮಂತ್ರಿಯಾಗದ ಶಾಸಕ: ಶಾಂತವೇರಿ ಗೋಪಾಲಗೌಡರ ಬಗ್ಗೆ ಗೋವಾ ಓದುಗರ ಪ್ರಶ್ನೆಗಳು

ಪ್ರಶ್ನೆ: ಪ್ರತಿ ವರ್ಷ ಜೂನ್ 18ರಂದು ನಮ್ಮೂರಿನ ಲೋಹಿಯಾ ಮೈದಾನದಲ್ಲಿ ಗೋವಾ ಕ್ರಾಂತಿ ದಿನವನ್ನು ಆಚರಿಸುತ್ತಾರೆ. ಸಾಗರದ ಕಡೆಯ ಹಿರಿಯರೊಬ್ಬರು, "ಲೋಹಿಯಾ ನಮ್ಮ ಕಡೆಗೂ ಬಂದು ಸೆರೆಯಾಗಿದ್ದರು, ಅದು ಗೋಪಾಲಗೌಡರ ಕಾಲ" ಎಂದರು. ಈ ಗೋಪಾಲಗೌಡರು ಯಾವ ಖಾತೆಯ ಮಂತ್ರಿಯಾಗಿದ್ದರು?
– ಓದುಗರು, ಮಡಗಾಂವ್

ಉತ್ತರ: ಶಾಂತವೇರಿ ಗೋಪಾಲಗೌಡರು ಯಾವ ಖಾತೆಗೂ ಮಂತ್ರಿಯಾಗಿರಲಿಲ್ಲ. ಮೂರು ಸಲ ಗೆದ್ದು ಮೂರು ಸಲವೂ ವಿರೋಧ ಪಕ್ಷದ ಸಾಲಿನಲ್ಲೇ ಕುಳಿತವರು ಅವರು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದ ಗೌಡರು, ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಜೈಲು ಕಂಡವರು. ಸ್ವಾತಂತ್ರ್ಯ ಬಂದ ಮೇಲೂ ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಮಲೆನಾಡಿನ ಗೇಣಿದಾರರ ನಡುವೆ ಓಡಾಡಿಕೊಂಡಿದ್ದರು.

ನಿಮ್ಮ ಹಿರಿಯರು ಹೇಳಿದ್ದು ಸರಿ. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಪೋರ್ಚುಗೀಸರ ನಿಷೇಧವನ್ನು ಮುರಿದು ಮಾತನಾಡಲು ನಿಂತ ರಾಮಮನೋಹರ ಲೋಹಿಯಾ ಅವರೇ ಐದು ವರ್ಷಗಳ ನಂತರ, 1951ರ ಜೂನ್ ತಿಂಗಳಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದರು, ಸತ್ಯಾಗ್ರಹಿಗಳನ್ನು ಬೆಂಬಲಿಸಿ ಅಲ್ಲಿಯೂ ಸೆರೆಯಾದರು. ಗೋವಾದಲ್ಲಿ ಅವರನ್ನು ಹಿಡಿದದ್ದು ಪರಕೀಯರ ಪೊಲೀಸರು, ಸಾಗರದಲ್ಲಿ ಸ್ವತಂತ್ರ ಭಾರತದ ಪೊಲೀಸರು. ಗೋಪಾಲಗೌಡರ ರಾಜಕಾರಣ ಎಲ್ಲಿಂದ ಹೊರಟಿತು ಎಂಬುದು ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಾಗೋಡಿನ ಜಗಳ ಶುರುವಾದದ್ದು ಕೊಳಗದಿಂದ. ಸುಗ್ಗಿ ಮುಗಿದು ಭತ್ತ ರಾಶಿಯಾದ ಮೇಲೆ ಗೇಣಿಯನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಗೇಣಿ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ಕೊಳಗವು ಸರ್ಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಹೆಸರಿಗೆ ಅಷ್ಟೇ ಕೊಳಗ, ಆದರೆ ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಾಗಿ ಹೋಗುತ್ತಿತ್ತು. ಕೊಟ್ಟ ಗೇಣಿಗೆ ರಸೀದಿಯೂ ಇರಲಿಲ್ಲ. ಬಹುಪಾಲು ದೀವರ ಸಮುದಾಯದವರಾಗಿದ್ದ ಒಕ್ಕಲುಗಳು ಎಚ್. ಗಣಪತಿಯಪ್ಪನವರ ರೈತ ಸಂಘಟನೆಯ ಬಲದಿಂದ ಇದನ್ನು ಪ್ರಶ್ನಿಸಿದಾಗ ಅವರನ್ನು ಗದ್ದೆಗಿಳಿಯದಂತೆ ತಡೆಯಲಾಯಿತು. 1951ರ ಏಪ್ರಿಲ್‌ನಲ್ಲಿ ಅವರು ತಂಡ ತಂಡವಾಗಿ, ಹೆಂಗಸರೂ ಸೇರಿ, ಅದೇ ಗದ್ದೆಗಳಿಗೆ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಈ ಹೋರಾಟವನ್ನು ತನ್ನದನ್ನಾಗಿ ಮಾಡಿಕೊಂಡಿತು, ಗೋಪಾಲಗೌಡರು ಅದರ ಮುಂಚೂಣಿಯಲ್ಲಿ ನಿಂತರು. ಮರುವರ್ಷ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದ ಜನ ಅವರನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದಾಗ ಗೌಡರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು.

ಪ್ರಶ್ನೆ: ವಿರೋಧ ಪಕ್ಷದಲ್ಲಿದ್ದು ಒಂದು ಕಾನೂನನ್ನೂ ಮಾಡಿಸಲಾಗದ ಶಾಸಕರನ್ನು ಇಷ್ಟು ಕೊಂಡಾಡುವುದು ಏಕೆ? ಕ್ಷೇತ್ರಕ್ಕೆ ರಸ್ತೆ, ಸೇತುವೆ ತಂದವರಲ್ಲವೇ ನಿಜವಾದ ಶಾಸಕರು?
– ಓದುಗರು, ವಾಸ್ಕೋ

ಉತ್ತರ: ರಸ್ತೆ, ಸೇತುವೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಶಾಸಕರೆಂಬ ಹೆಸರೇ ಶಾಸನದಿಂದ ಬಂದದ್ದು ಎಂಬುದನ್ನು ಮರೆತು ಅವರನ್ನು ಕಾಮಗಾರಿಯ ಲೆಕ್ಕದಿಂದ ಮಾತ್ರ ಅಳೆಯುವುದನ್ನು ನಾನು ಒಪ್ಪುವುದಿಲ್ಲ. 1952ರ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74ನ್ನು ಗೆದ್ದಿತ್ತು, ಸಮಾಜವಾದಿ ಪಕ್ಷಕ್ಕೆ ದಕ್ಕಿದ್ದು 3. ಅಂಥ ಸದನದಲ್ಲಿ ಮತಕ್ಕೆ ಹಾಕಿದ ಯಾವ ವಿಷಯವನ್ನೂ ಮೂರು ಮಂದಿ ಗೆಲ್ಲುವಂತಿರಲಿಲ್ಲ. ಅವರ ಕೈಲಿದ್ದದ್ದು ಪ್ರಶ್ನೋತ್ತರದ ಅವಧಿ, ನಿಲುವಳಿ ಸೂಚನೆ (ತುರ್ತು ವಿಷಯದ ಚರ್ಚೆಗಾಗಿ ಉಳಿದ ಕಲಾಪ ನಿಲ್ಲಿಸುವಂತೆ ಕೇಳುವುದು), ಬಜೆಟ್ ಬೇಡಿಕೆಗಳ ಮೇಲಿನ ಚರ್ಚೆ ಮತ್ತು ಮಾತು ಮಾತ್ರ. ಗೌಡರು ಉಳುವವನಿಗೆ ಭೂಮಿಯ ಒಡೆತನ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಈ ಮೂರನ್ನೂ ಪಟ್ಟು ಹಿಡಿದು ಕೇಳುತ್ತಾ ಹೋದರು.

ಭೂಮಿಯ ಸಂಗತಿಯನ್ನೇ ತೆಗೆದುಕೊಳ್ಳಿ. 1961ರಲ್ಲಿ ಮೈಸೂರು ಭೂಸುಧಾರಣಾ ಕಾಯ್ದೆಯೇನೋ ಬಂತು, ಆದರೆ ಅದು ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಗೆಂದು ಮಾಲೀಕರು ಜಮೀನನ್ನು ಹಿಂದಕ್ಕೆ ಪಡೆಯುವ ಅವಕಾಶವೂ ಅದರಲ್ಲಿತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆಯೇ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಹಕ್ಕು ಕೇಳುವಂತಾಯಿತು. ಆ ಮಂಡಳಿಗಳಲ್ಲಿ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಉಳುಮೆ ಮಾಡುತ್ತಿದ್ದೇನೆ ಎಂಬುದಕ್ಕೆ ಒಂದು ಚೀಟಿಯೂ ಇಲ್ಲದ ಒಕ್ಕಲು ಮಗ ಅಲ್ಲಿ ತನ್ನ ಬಾಯಿಮಾತನ್ನೂ ನೆರೆಯವರ ಸಾಕ್ಷಿಯನ್ನೂ ನಂಬಿಕೊಂಡು ನಿಲ್ಲಬೇಕಾಯಿತು. ಕಾಗೋಡಿನವರು 1951ರಲ್ಲಿ ರಸೀದಿಗಾಗಿ ಏಕೆ ಅಷ್ಟು ಹಟ ಹಿಡಿದಿದ್ದರು ಎಂಬುದು ಆಗ ಎಲ್ಲರಿಗೂ ಅರ್ಥವಾಗಿರಬೇಕು. ಗೋವಾದಲ್ಲಿ ಕುಳರ (ಗೇಣಿದಾರರ), ಮುಂಡಕಾರರ (ಒಡೆಯರ ಜಮೀನಿನಲ್ಲಿ ಮನೆ ಮಾಡಿಕೊಂಡು ವಾಸಿಸುವವರ) ವಿಷಯ ಕೇಳಿಬಲ್ಲ ನಿಮಗೂ ಇದು ಹೊಸದಾಗಿ ಕಾಣಲಾರದು: ಇಲ್ಲಿ ಕುಳ ಕಾಯ್ದೆ 1964ರಲ್ಲಿ, ಮುಂಡಕಾರರ ರಕ್ಷಣೆಯ ಕಾಯ್ದೆ 1975ರಲ್ಲಿ ಬಂದವು.

ಗೋಪಾಲಗೌಡರು ಇದನ್ನು ನೋಡಲು ಉಳಿಯಲಿಲ್ಲ. ಬಹುಕಾಲ ಕಾಯಿಲೆಯಲ್ಲಿ ನರಳಿ 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಎರಡು ವರ್ಷ ತುಂಬುವುದರೊಳಗೆ ಅವರ ಎರಡು ದೊಡ್ಡ ಬೇಡಿಕೆಗಳು ಆಳುವ ಪಕ್ಷದ ಕೈಯಿಂದಲೇ ಈಡೇರಿದವು. ಇದರ ಶ್ರೇಯಸ್ಸು ಅರಸು ಅವರಿಗೆ ಸಲ್ಲಲೇಬೇಕು. ಆದರೆ ಎರಡು ದಶಕ ಸದನದ ಒಳಗೂ ಹೊರಗೂ ಈ ಮಾತನ್ನು ಜೀವಂತವಾಗಿಟ್ಟವರಿಲ್ಲದಿದ್ದರೆ ಅರಸರ ಕೆಲಸ ಅಷ್ಟು ಸಲೀಸಾಗಿ ಸಾಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಗೌಡರ ಒಡನಾಟದಲ್ಲಿ ಬೆಳೆದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು, ಮುಂದೆ ಮುಖ್ಯಮಂತ್ರಿಯಾದರು. ಎಸ್. ಬಂಗಾರಪ್ಪನವರೂ ಮುಖ್ಯಮಂತ್ರಿಯಾದರು. ಕಾಗೋಡು ತಿಮ್ಮಪ್ಪನವರು ವಿಧಾನಸಭೆಯ ಅಧ್ಯಕ್ಷರೂ ಕಂದಾಯ ಸಚಿವರೂ ಆದರು.

ಪ್ರಶ್ನೆ: ಗೋಪಾಲಗೌಡರೂ ಸಮಾಜವಾದಿ, ಪ್ರಜಾ ಸಮಾಜವಾದಿ, ಸಂಯುಕ್ತ ಸಮಾಜವಾದಿ ಎಂದು ಪಕ್ಷದ ಹೆಸರು ಬದಲಿಸುತ್ತಾ ಹೋದವರಲ್ಲವೇ? ಅದನ್ನು ಪಕ್ಷಾಂತರ ಎನ್ನಬಾರದೇಕೆ?
– ಓದುಗರು, ಪಣಜಿ

ಉತ್ತರ: ಹೆಸರು ಬದಲಾದದ್ದು ಪಕ್ಷದ್ದು, ಸಾಲು ಬದಲಾಗಲಿಲ್ಲ. 1952ರಲ್ಲಿ ಸಮಾಜವಾದಿ ಪಕ್ಷವೇ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಂದಿಗೆ ಕೂಡಿಕೊಂಡು ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರ ಕೊನೆಯಲ್ಲಿ ಲೋಹಿಯಾ ಬೇರೆಯಾದಾಗ ಗೌಡರು ಅವರೊಂದಿಗೆ ಹೋದರು. ಹಾಗೆ ಬೇರೆಯಾದಾಗ ಅವರು ಇಳಿದದ್ದು ಇನ್ನಷ್ಟು ಸಣ್ಣ ಗುಂಪಿಗೆ, ಅಧಿಕಾರದಿಂದ ಇನ್ನಷ್ಟು ದೂರಕ್ಕೆ. ಪಕ್ಷಾಂತರ ಮಾಡಿದವರನ್ನು ಅನರ್ಹಗೊಳಿಸಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಆಗ ಇರಲೇ ಇಲ್ಲ, ಅವರನ್ನು ತಡೆಯುವ ಕಾನೂನು ಯಾವುದೂ ಇರಲಿಲ್ಲ. ಇಂದು ಆ ಅನುಸೂಚಿಯಿದ್ದರೂ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ವಿಲೀನಕ್ಕೆ ಒಪ್ಪಿದರೆ ಅನರ್ಹತೆಯಿಲ್ಲ ಎಂಬ ದಾರಿ ತೆರೆದೇ ಇದೆ. ನಿಮ್ಮ ಗೋವಾದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನ 11 ಶಾಸಕರಲ್ಲಿ 8 ಮಂದಿ ಬಿಜೆಪಿ ಸೇರಿದ್ದು ಆ ದಾರಿಯಲ್ಲಿಯೇ. ಮತ ಹಾಕಿದವರನ್ನು ಕೇಳದೆ ಸಾಲು ಬದಲಿಸಲು ಬಿಡುವ ಈ ಅವಕಾಶವನ್ನು ತೆಗೆದುಹಾಕಬೇಕೆಂದು ನಾನು ನಂಬುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ 26 ವರ್ಷ. ಓದಿದ್ದು, ಮತದಾರಳಾಗಿರುವುದು ಗೋವಾದಲ್ಲಿ, ಊರು ಗದಗ ಜಿಲ್ಲೆ. ಅವಳು ಕರ್ನಾಟಕ ವಿಧಾನಸಭೆಗೆ ಸ್ಪರ್ಧಿಸಬಹುದೇ?
– ಓದುಗರು, ಫೋಂಡಾ

ಉತ್ತರ: ವಯಸ್ಸು ಅಡ್ಡಿಯಲ್ಲ, ವಿಧಾನಸಭೆಗೆ 25 ತುಂಬಿದರೆ ಸಾಕು. ಆದರೆ 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಯಾವ ರಾಜ್ಯದ ವಿಧಾನಸಭೆಗೆ ಸ್ಪರ್ಧಿಸುತ್ತಾರೋ ಆ ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಆದ್ದರಿಂದ ಸದ್ಯ ಅವರು ಗೋವಾದ 40 ಕ್ಷೇತ್ರಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಮೀಸಲು ಕ್ಷೇತ್ರವಾದರೆ ಆ ವರ್ಗಕ್ಕೆ ಸೇರಿರಬೇಕು. ಗದಗದಿಂದ ನಿಲ್ಲಬೇಕೆಂದಿದ್ದರೆ ಅಲ್ಲಿ ವಾಸವಿದ್ದು, ಇಲ್ಲಿಯ ಪಟ್ಟಿಯಿಂದ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಎರಡು ಕಡೆ ಹೆಸರಿರುವಂತಿಲ್ಲ. ವರ್ಗಾವಣೆಗೆ ನಮೂನೆ 8ನ್ನು ತುಂಬಿ ಕೊಡಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನಗಳವರೆಗೆ ಇದನ್ನು ಮುಂದಕ್ಕೆ ಹಾಕದೆ, ಚುನಾವಣೆ ಘೋಷಣೆಗೆ ಸಾಕಷ್ಟು ಮೊದಲೇ ಮುಗಿಸಿಕೊಳ್ಳುವಂತೆ ಮಗಳಿಗೆ ಹೇಳಿ.