ಕಾರ್ಡ್ ಬೇರೆ ಮಾಡಿಸುವ ಮುಂಚೆ

(ಹೆಸರುಗಳನ್ನು ಕೊಟ್ಟಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಕೊಪ್ಪಳ ಜಿಲ್ಲೆ, ಕುಷ್ಟಗಿ ಕಡೆಯ ಹಳ್ಳಿ. ಮಳೆ ನಂಬಿದ ಸ್ವಲ್ಪ ಹೊಲ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುತ್ತಿದ್ದರು. ಮಕ್ಕಳಿಬ್ಬರು ಊರಲ್ಲಿ ಅಜ್ಜಿಯ ಹತ್ತಿರ. ಗಂಡ ಬೆಂಗಳೂರಿನಲ್ಲೇ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಂಡತಿಗೆ ಇನ್ನೂ ಮೂವತ್ತು ತುಂಬಿಲ್ಲ.

ಆಕೆಯನ್ನು ಸಮಾಲೋಚನೆಗೆಂದು ನನ್ನ ಹತ್ತಿರ ಕರೆತಂದವಳು ಆ ಭಾಗದಲ್ಲಿ ಓಡಾಡುವ ಸಮುದಾಯ ಕಾರ್ಯಕರ್ತೆ. ಬಡ ಕುಟುಂಬಗಳಿಗೆ ಪಿಂಚಣಿ, ರೇಷನ್, ವಿದ್ಯಾರ್ಥಿವೇತನ ಕೊಡಿಸುವುದು ಅವಳ ಕೆಲಸ. ಒಳ್ಳೆಯ ಹುಡುಗಿ, ನಿಜವಾದ ಕಾಳಜಿ ಇದೆ. "ಮೇಡಂ, ಅರ್ಜಿ ಎಲ್ಲಾ ತುಂಬಿಟ್ಟೀನ್ರಿ. ಅಕ್ಕ ಸಹಿ ಮಾಡವಲ್ಲರು, ಮಾತೂ ಆಡವಲ್ಲರು" ಎಂದಳು.

ಯಾವ ಅರ್ಜಿ ಎಂದು ಕೇಳಿದೆ. ರೇಷನ್ ಕಾರ್ಡ್ ಬೇರೆ ಮಾಡಿಸುವ ಅರ್ಜಿ. ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಹಾಗಾಗಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅತ್ತೆಯ ಖಾತೆಗೆ ಹೋಗುತ್ತದೆ. ಕಾರ್ಡ್ ಬೇರೆಯಾದರೆ ಸೊಸೆಗೂ ಸಿಗುತ್ತದೆ ಎನ್ನುವುದು ಕಾರ್ಯಕರ್ತೆಯ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಈ ಸುದ್ದಿ ಕೇಳಿದ ದಿನದಿಂದ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು.

ಮೊದಲು ಸೊಸೆಯ ಜೊತೆ ಒಬ್ಬಳೇ ಕೂತೆ. ಅರ್ಜಿ ವಿಷಯ ಎತ್ತಲಿಲ್ಲ. ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಕೇಳಿದೆ. ಸಾಯುವ ಯೋಚನೆ ಬರುತ್ತಾ ಎಂದೂ ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಬಹಳ ಜನ ಹೆದರುತ್ತಾರೆ, ಹಾಗೇನೂ ಇಲ್ಲ. "ಒಮ್ಮೊಮ್ಮೆ ಬರ್ತೈತ್ರಿ, ಮಕ್ಕಳ ಮಾರಿ ನೋಡಿ ಸುಮ್ನಾಗ್ತೀನಿ" ಎಂದಳು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಲು ಏರ್ಪಾಟು ಮಾಡಿದೆ. ರಾತ್ರಿ ತೀರಾ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ ಎಂದು ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಟ್ಟೆ. ಕಾಗದಪತ್ರದ ಮಾತು ಇದೆಲ್ಲಾ ಆದ ಮೇಲೆ.

ಇನ್ನೊಂದು ದಿನ ಅತ್ತೆ ಬಂದರು. ಮಗನನ್ನು ಕಳೆದುಕೊಂಡವರು ಅವರೂ ಅಲ್ವಾ? ಅವರನ್ನು ಯಾರೂ ಮಾತಾಡಿಸಿಯೇ ಇರಲಿಲ್ಲ. "ಮಗ ಹ್ವಾದ್ರಿ. ಕಾರ್ಡ್ ಬ್ಯಾರೆ ಆತಂದ್ರ ಅಕಿ ಮಕ್ಕಳ್ನ ಕರ್ಕೊಂಡು ತವರಿಗೆ ಹೊಕ್ಕಾಳ. ಆಮ್ಯಾಲ ನನ್ನ ಯಾರ್ ನೋಡ್ತಾರ?" ಎಂದು ಅತ್ತರು.

ಇಬ್ಬರನ್ನೂ ಕೂರಿಸಿದಾಗ ಸೊಸೆ ಬಾಯಿ ಬಿಟ್ಟಳು. "ನಾ ಎಲ್ಲಿಗೂ ಹೋಗಂಗಿಲ್ರಿ. ಹುಡುಗಗ ಒಂದ್ ನೋಟ್‌ಬುಕ್ ತರಾಕೂ ಕೈ ಚಾಚಬೇಕಲ್ಲ, ಅದು ಸಾಕಾಗೈತಿ." ಜಗಳ ಇದ್ದದ್ದು ಇಷ್ಟಕ್ಕೆ. ಕೈಯಲ್ಲಿ ಸ್ವಂತ ನಾಲ್ಕು ಕಾಸು ಬೇಕು, ಮನೆ ಒಡೆಯುವುದು ಬೇಡ.

ಅದಕ್ಕೇ ಕಾರ್ಯಕರ್ತೆಗೆ ಕೊಟ್ಟ ಸಲಹೆ ಇದು: ಮನೆಯನ್ನು ಮುಟ್ಟದ ಸೌಲಭ್ಯಗಳನ್ನು ಮೊದಲು ತಂದುಕೊಡು. ಕಾರ್ಡ್ ಸದ್ಯ ಹಾಗೇ ಇರಲಿ. ಹೊಸ ಕಾರ್ಡಿನ ಅರ್ಜಿ ಎಲ್ಲಾ ಕಾಲಕ್ಕೂ ತೆರೆದಿರುವುದಿಲ್ಲ. ಹಳೆಯದರಿಂದ ಹೆಸರು ತೆಗೆಸಿ, ಹೊಸದು ಬರದೇ ಹೋದರೆ ಮಕ್ಕಳ ಪಾಲಿನ ಅಕ್ಕಿಯೂ ನಿಲ್ಲುತ್ತದೆ.

ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ಅದು ಸೊಸೆಯ ಖಾತೆಗೇ ಬರುತ್ತದೆ, ಅದಕ್ಕೆ ಕಾರ್ಡ್ ಬೇರೆ ಆಗಬೇಕಿಲ್ಲ. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ ದುಡಿಯುವವರು 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಇದೆ. ಎರಡಕ್ಕೂ ಮರಣ ಪ್ರಮಾಣಪತ್ರ ಬೇಕು. ಇಲ್ಲೇ ಗಾಡಿ ನಿಂತಿತ್ತು. ಪ್ರಮಾಣಪತ್ರಕ್ಕಾಗಿ ಮನೆಯವರು ಊರಲ್ಲೇ ಅಲೆಯುತ್ತಿದ್ದರು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಆಸ್ಪತ್ರೆಯಲ್ಲಿ ಆದ ಸಾವನ್ನು 21 ದಿನದೊಳಗೆ ಆಸ್ಪತ್ರೆಯವರೇ ತಿಳಿಸಬೇಕು. ಅಂದರೆ ಈ ಕಾಗದ ಬರಬೇಕಾದದ್ದು ಬೆಂಗಳೂರಿನಿಂದ. ಗುಳೆ ಹೋದ ಕುಟುಂಬಗಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಬಹಳ ಸಂಕಟವಾಗುವುದು ಇದಕ್ಕೇ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಊರಿನವರೊಬ್ಬರ ಮೂಲಕ ತರಿಸಿ, ತರಿಸುವ ಮುಂಚೆ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿಸಿ ಎಂದೆ.

ಮಕ್ಕಳಿಗೆ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಪ್ರಾಯೋಜಕತ್ವ ಎನ್ನುವ ನೆರವು ಇದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಕುಟುಂಬಕ್ಕೆ ವರ್ಷದ ಆದಾಯ 72,000 ದಾಟಿರಬಾರದು. ಗಂಡ ಸತ್ತ ತಾಯಂದಿರ ಮಕ್ಕಳು ಇದರಲ್ಲಿ ಬರುತ್ತಾರೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಸಮಿತಿ ಒಪ್ಪಬೇಕು, ಅನುದಾನ ಇರಬೇಕು. ಬಂದೇ ಬರುತ್ತದೆ ಎಂದು ಮಾತು ಕೊಡಬೇಡ ಎಂದು ಕಾರ್ಯಕರ್ತೆಗೆ ಒತ್ತಿ ಹೇಳಿದೆ.

ಇನ್ನೊಂದು ಮಾತೂ ಹೇಳಿದೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲದ ಸ್ವೀಕೃತಿ ಚೀಟಿ ನಿನ್ನ ಬ್ಯಾಗಿನಲ್ಲಿ ಇರಬಾರದು, ಸೊಸೆಯ ಕೈಯಲ್ಲಿ ಇರಬೇಕು. ನಾಡಕಚೇರಿಗೆ ಅವಳೇ ಹೋಗಲಿ, ನೀನು ಪಕ್ಕದಲ್ಲಿ ನಿಲ್ಲು. ನೀನು ವರ್ಗವಾಗಿ ಹೋದ ಮೇಲೂ ಅವಳು ಅದೇ ಕಿಟಕಿಯ ಮುಂದೆ ನಿಲ್ಲಬೇಕಲ್ಲ.

ಅತ್ತೆ ಸೊಸೆ ಒಪ್ಪಿಕೊಂಡದ್ದು ಹೀಗೆ: ಗೃಹಲಕ್ಷ್ಮಿ ದುಡ್ಡು ಬಂದಾಗ ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗುವುದು, ಮಕ್ಕಳ ಖರ್ಚನ್ನು ಮೊದಲು ತೆಗೆದಿಡುವುದು.

ವಿಧವಾ ವೇತನ ಮಂಜೂರಾಗಿದೆ. ಕುಟುಂಬ ಸಹಾಯದ ಅರ್ಜಿ, ಪ್ರಾಯೋಜಕತ್ವದ ಅರ್ಜಿ ಎರಡೂ ಬಾಕಿ. ಅತ್ತೆಗೆ 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಎಂಬ ವೃದ್ಧರ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಸಿಗುತ್ತಿತ್ತು. ಆಧಾರ್‌ನಲ್ಲಿ ಯಾರೋ ಅಂದಾಜಿನ ಮೇಲೆ ವಯಸ್ಸು ಕಡಿಮೆ ಬರೆಸಿದ್ದಾರೆ. ಅದನ್ನು ಸರಿ ಮಾಡಿಸಲು ದಾಖಲೆ ಹುಡುಕುತ್ತಿದ್ದಾರೆ. ಮುಂದೆ ಎಂದಾದರೂ ಸೊಸೆ ತಾನೇ ಕಾರ್ಡ್ ಬೇರೆ ಬೇಕು ಎಂದರೆ ಮಾಡಿಸಿಕೊಡಬೇಕು, ಅದು ಅವಳ ತೀರ್ಮಾನ. ಆಗಲೂ ಹೊಸ ಅರ್ಜಿ ತೆರೆದಿದೆ ಎಂದು ಖಾತ್ರಿ ಮಾಡಿಕೊಂಡೇ ಹಳೆ ಕಾರ್ಡಿನಿಂದ ಹೆಸರು ತೆಗೆಸಿ ಎಂದು ಹೇಳಿ ಕಳಿಸಿದ್ದೇನೆ.